ನೆರೆಯ ನುಡಿ ಬಲ್ಲವರು

ನೇತ್ರಾವತಿಯ ದಡದಲ್ಲಿರುವ ನಂದಾವರ ಇಂದು ಬಂಟ್ವಾಳ ತಾಲೂಕಿನ ಒಂದು ಊರು. ಹಿಂದೆ ಅದು ಬಂಗರಸರ ರಾಜಧಾನಿಯಾಗಿತ್ತು. ಬೆಳ್ತಂಗಡಿ ಸೀಮೆಯ ಬಂಗಾಡಿಯೂ ಅವರ ನೆಲೆಯೇ. ವೇಣೂರಿನಲ್ಲಿ ಅಜಿಲರು, ಮೂಡುಬಿದಿರೆಯಲ್ಲಿ ಚೌಟರು, ವಿಟ್ಲದಲ್ಲಿ ಡೊಂಬ ಹೆಗ್ಗಡೆಗಳು ಆಳುತ್ತಿದ್ದರು. ಮುಂಜಾನೆ ಹೊರಟ ದಾರಿಗನು ಸಂಜೆಯೊಳಗೆ ಇನ್ನೊಬ್ಬ ಅರಸನ ಸೀಮೆಯನ್ನು ಸೇರುತ್ತಿದ್ದನು. ಇಷ್ಟು ಹತ್ತಿರದವರಿಗೆ ಜಗಳಕ್ಕೆ ದೊಡ್ಡ ಕಾರಣ ಬೇಕಿರಲಿಲ್ಲ. 1604ರಲ್ಲಿ ತಿಮ್ಮಣ್ಣ ಅಜಿಲನು ವೇಣೂರಿನಲ್ಲಿ ಬಾಹುಬಲಿಯನ್ನು ನಿಲ್ಲಿಸಿದಾಗ, ಆ ಮೂರ್ತಿ ತನಗೆ ಬೇಕೆಂದು ಕಾರ್ಕಳದ ಅರಸನು ದಂಡೆತ್ತಿ ಬಂದನೆಂದು ಐತಿಹ್ಯವಿದೆ.

ಕತ್ತಿ ಹಿಡಿದವರ ಹೆಸರು ಇತಿಹಾಸದಲ್ಲಿ ಉಳಿಯುತ್ತದೆ. ಮಾತನ್ನು ಹೊತ್ತು ನಡೆದವರದು ಉಳಿಯುವುದು ಅಪರೂಪ. ಅಂಥ ಅಪರೂಪದ ಹೆಸರೊಂದು ಬಂಗರಸನ ಪ್ರಸಂಗದಲ್ಲಿ ದೊರೆಯುತ್ತದೆ. ಕೆಳದಿಯ ವೆಂಕಟಪ್ಪ ನಾಯಕನು ಬಂಗನ ರಾಜ್ಯವನ್ನು ಕಸಿದುಕೊಂಡನು. ಅರಸನು ಕಾಸರಗೋಡಿನ ಕಡೆಗೆ ಓಡಿಹೋದನು. ಪೋರ್ಚುಗೀಸರಿಗೆ ಬಂಗನು ಮಿತ್ರ. ಆದರೆ ಅವರ ಹಡಗುಗಳಿಗೆ ಬೇಕಾದ ಕಾಳುಮೆಣಸು ನಾಯಕನ ಕೈಯಲ್ಲಿತ್ತು. ಈ ತೊಡಕನ್ನು ಬಿಡಿಸಲು 1623ರಲ್ಲಿ ಗೋವೆಯಿಂದ ಇಕ್ಕೇರಿಗೆ ಒಂದು ರಾಯಭಾರ ಹೊರಟಿತು. ಅದರೊಡನೆ ಪ್ರಯಾಣ ಮಾಡಿದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಎಲ್ಲವನ್ನೂ ಬರೆದಿಟ್ಟನು. ನಾಯಕನ ಪ್ರತಿನಿಧಿಯಾಗಿ ಗೋವೆಗೆ ಹೋಗಿದ್ದ ವಿಠ್ಠಲ ಶೆಣೈ ಎಂಬವನೂ ಆ ತಂಡದಲ್ಲಿ ಮರಳುತ್ತಿದ್ದನು. ಪೋರ್ಚುಗೀಸರ ನಡುವೆ ಇದ್ದು ಬಂದವನು. ನಾಯಕನ ಮನಸ್ಸನ್ನೂ ಬಲ್ಲವನು. ಇಕ್ಕೇರಿಯ ಆಸ್ಥಾನದಲ್ಲಿ ದುಭಾಷಿಯ ಕೆಲಸವೂ ಅವನದೇ ಆಯಿತು. ಬಂಗನಿಗೆ ರಾಜ್ಯ ಮರಳಲಿಲ್ಲ, ನಿಜ. ಆದರೂ ಎರಡು ಕಡೆಯವರು ಕುಳಿತು ಮಾತನಾಡಿದರು.

ಇಂದು ಅರಸರಿಲ್ಲ, ಶಾಸನಸಭೆಗಳಿವೆ. ನೆರೆದೇಶದೊಡನೆ ಮಾಡಿದ ಒಪ್ಪಂದವೂ ಕೆಲವೊಮ್ಮೆ ಅವುಗಳ ಬಾಗಿಲಲ್ಲಿ ಕಾಯಬೇಕಾಗುತ್ತದೆ. ಭಾರತ ಮತ್ತು ಬಾಂಗ್ಲಾದೇಶಗಳು 1974ರಲ್ಲಿ ಗಡಿ ಒಪ್ಪಂದಕ್ಕೆ ಸಹಿ ಹಾಕಿದವು. ಒಂದು ದೇಶದ ನಡುವೆ ಇನ್ನೊಂದು ದೇಶಕ್ಕೆ ಸೇರಿದ ತುಂಡುನೆಲಗಳು 162 ಇದ್ದವು. ಅಲ್ಲಿನ ಸುಮಾರು ಐವತ್ತು ಸಾವಿರ ಜನರಿಗೆ ಶಾಲೆ, ಆಸ್ಪತ್ರೆ, ಮತದಾನದ ಹಕ್ಕು ಯಾವುದೂ ನೆಟ್ಟಗೆ ದಕ್ಕಲಿಲ್ಲ. ಭಾರತದ ಸಂಸತ್ತು ಸಂವಿಧಾನದ ನೂರನೆಯ ತಿದ್ದುಪಡಿಯನ್ನು ಅಂಗೀಕರಿಸಿದ್ದು 2015ರಲ್ಲಿ. ನಲವತ್ತೊಂದು ವರ್ಷಗಳ ಮೇಲೆ! ಇಂಥ ಮಸೂದೆಯ ಹಿಂದೆ ಸಮಿತಿಗಳ ವರದಿಗಳಿರುತ್ತವೆ. ವರದಿಗಾಗಿ ದಾಖಲೆ ಕೂಡಿಸಿ ಕರಡನ್ನು ಸಿದ್ಧಪಡಿಸುವವರು ಸಭೆಯ ಸಿಬ್ಬಂದಿ. ಚುನಾವಣೆಯಲ್ಲಿ ಸದಸ್ಯರು ಬದಲಾಗುತ್ತಾರೆ; ಇವರು ಉಳಿಯುತ್ತಾರೆ.

ಇವರಿಗೆ ಶಿಕ್ಷಣದ ವ್ಯವಸ್ಥೆ ಇಲ್ಲವೆಂದಲ್ಲ. 1976ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ಸಂಸದೀಯ ತರಬೇತಿ ಸಂಸ್ಥೆಯು ಹೊರದೇಶಗಳ ಶಾಸನಸಭಾ ಅಧಿಕಾರಿಗಳಿಗೂ ಕಲಿಸುತ್ತ ಬಂದಿದೆ. ಇದು ಮೆಚ್ಚತಕ್ಕ ಕಾರ್ಯ. ಆದರೆ ಅತಿಥಿಗೆ ಪಾಠ ಹೇಳುವುದು ಬೇರೆ, ಅವನ ಮನೆಯಲ್ಲಿದ್ದು ಅವನ ಕಷ್ಟವನ್ನು ತಿಳಿಯುವುದು ಬೇರೆ. ಆಯ್ದ ತರುಣ ಸಿಬ್ಬಂದಿಗೆ ವೇತನ ಕೊಟ್ಟು ಕೆಲವು ತಿಂಗಳು ಢಾಕಾದಲ್ಲೋ ಕಠ್ಮಂಡುವಿನಲ್ಲೋ ಕೊಲಂಬೊದಲ್ಲೋ ಇರಿಸಬೇಕು. ಅಲ್ಲಿಯವರನ್ನೂ ಹಾಗೆಯೇ ಕರೆಸಬೇಕು. ಇದು ದುಂದುವೆಚ್ಚವೆನ್ನುವವರು ಆ ನಲವತ್ತೊಂದು ವರ್ಷಗಳ ಬೆಲೆಯನ್ನೂ ಲೆಕ್ಕ ಹಾಕಬೇಕು.

ದೇಶದೊಳಗಿನ ನೆರೆಹೊರೆಗೂ ಈ ಮಾತು ಸಲ್ಲುತ್ತದೆ. 2020ರ ಮಾರ್ಚಿನಲ್ಲಿ ಕೊರೊನಾ ಹಬ್ಬಿದಾಗ ಕರ್ನಾಟಕವು ಕೇರಳದ ಗಡಿಯನ್ನು ಮುಚ್ಚಿತು. ರಸ್ತೆಗಳ ಮೇಲೆ ಮಣ್ಣು ಸುರಿಯಲಾಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲೇ ತಡೆಯಲ್ಪಟ್ಟರು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಗಡಿಯನ್ನು ಮುಚ್ಚಿದ್ದು ಸರಕಾರ, ಶಾಸನಸಭೆಯಲ್ಲ. ಆದರೂ ಎರಡೂ ರಾಜಧಾನಿಗಳಲ್ಲಿ ಪರಸ್ಪರ ಪರಿಚಯವುಳ್ಳ, ಆ ರಸ್ತೆಗಳನ್ನು ಕಂಡಿದ್ದ ನಾಲ್ಕು ಜನರಿದ್ದಿದ್ದರೆ ಮಾತು ಬೇಗ ಆರಂಭವಾಗುತ್ತಿತ್ತು. ವರ್ಷಕ್ಕೆ ಇಬ್ಬರು ವಿಧಾನಸೌಧದಿಂದ ತಿರುವನಂತಪುರಕ್ಕೆ ಹೋಗಲಿ, ಅಲ್ಲಿಂದ ಇಬ್ಬರು ಬರಲಿ. ಅವರು ಒಂದು ತಿಂಗಳನ್ನು ಕಾಸರಗೋಡಿನಲ್ಲೂ, ಬಂಟ್ವಾಳದ ಗಡಿಗ್ರಾಮಗಳಾದ ಕನ್ಯಾನ, ಕರೋಪಾಡಿಗಳಲ್ಲೂ ಕಳೆಯಲಿ. ದುಭಾಷಿ ಬೇಕಾದರೆ ಆ ಕಡೆ ಕನ್ನಡ, ತುಳು, ಮಲಯಾಳ ಮೂರನ್ನೂ ಆಡುವ ಶಾಲಾಮಕ್ಕಳು ಸಿಗುತ್ತಾರೆ.