ಸ್ತ್ರೀಯರ ಮತಾಧಿಕಾರವು ದಾನವೆ?

ನಮ್ಮ ದೇಶದ ಸ್ತ್ರೀಯರಿಗೆ ಮತಾಧಿಕಾರವು ಬೇಡದೆಯೇ ಬಂದ ದಾನವೆಂದು ವಿದ್ಯಾವಂತರೂ ಹೇಳುವುದುಂಟು. ದಾನವೆಂದೊಡನೆ ಕೊಟ್ಟವರಿಗೆ ಋಣ ಸಲ್ಲಬೇಕಾಗುತ್ತದೆ. ‘ನಾವು ಹೇಳಿದವರಿಗೆ ಮತ ಹಾಕು’ ಎಂಬ ಗೃಹಶಾಸನವು ಅದರ ಬೆನ್ನಿಗೇ ಬರುತ್ತದೆ. ಆದಕಾರಣ ಈ ಪೂರ್ವಪಕ್ಷವನ್ನು ಪರೀಕ್ಷಿಸದೆ ಬಿಡಲಾಗದು.

1917ನೆಯ ಡಿಸೆಂಬರಿನಲ್ಲಿ ಶ್ರೀಮತಿ ಸರೋಜಿನೀ ನಾಯ್ಡು ಅವರ ನೇತೃತ್ವದಲ್ಲಿ ಮಹಿಳೆಯರ ನಿಯೋಗವೊಂದು ಮದರಾಸಿನಲ್ಲಿ ಭಾರತಮಂತ್ರಿ ಮಾಂಟೆಗು ಅವರನ್ನು ಕಂಡು ಮತಾಧಿಕಾರವನ್ನು ಕೇಳಿತು. ಸೌತ್‌ಬರೋ ಸಮಿತಿಯು ದೇಶಾಚಾರವು ಇದಕ್ಕೆ ಪಕ್ವವಾಗಿಲ್ಲವೆಂದು ನಿರಾಕರಿಸಿತು. 1919ರ ಶಾಸನವು ಪ್ರಶ್ನೆಯನ್ನು ಪ್ರಾಂತ್ಯಗಳ ಶಾಸನಸಭೆಗಳಿಗೆ ಬಿಟ್ಟಿತು. 1921ರಲ್ಲಿ ಮದರಾಸು, ಮುಂಬಯಿ ಪ್ರಾಂತ್ಯಗಳು ಒಪ್ಪಿದುದರಿಂದ, ಅವುಗಳಿಗೆ ಸೇರಿದ್ದ ಮಂಗಳೂರು, ಬಳ್ಳಾರಿ, ಧಾರವಾಡಗಳ ಕನ್ನಡತಿಯರಿಗೂ ಬಾಗಿಲು ತೆರೆಯಿತು. ಆದರೆ ಆಸ್ತಿಯುಳ್ಳವರಿಗೆ ಮಾತ್ರ. ಲಿಂಗಭೇದವಿಲ್ಲದೆ ವಯಸ್ಕರೆಲ್ಲರಿಗೂ ಮತ ಬೇಕೆಂದು ಮೂರು ಅಖಿಲಭಾರತ ಮಹಿಳಾ ಸಂಸ್ಥೆಗಳು 1931ರಲ್ಲಿ ಒಕ್ಕೊರಲಿನಿಂದ ಕೇಳಿದವು. 1935ರ ಶಾಸನವು ಅದಕ್ಕೆ ಕಿವಿಗೊಡದೆ, ಅಕ್ಷರಸ್ಥೆಯರಿಗೂ ಆಸ್ತಿವಂತರ ಪತ್ನಿಯರಿಗೂ ಮತವನ್ನು ವಿಸ್ತರಿಸಿ ನಿಂತಿತು. ಬೇಡಿಕೆ ಪೂರ್ಣವಾಗಿ ಕೈಗೂಡಿದುದು 1950ರ ಸಂವಿಧಾನದಲ್ಲಿ. ಮೂವತ್ತಮೂರು ವರ್ಷ ಕೇಳಿ ಪಡೆದುದು ಯಾವ ನಿಘಂಟಿನಲ್ಲಿ ದಾನವಾದೀತು?

‘ಹಾಗಾದರೆ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಸ್ತ್ರೀಯರು ಹೆಸರನ್ನೇ ಹೇಳಲಿಲ್ಲವೇಕೆ?’ ಎಂದು ಪ್ರತಿವಾದಿಗಳು ಆಕ್ಷೇಪಿಸಬಹುದು. ನಿಜ, 1951–52ರಲ್ಲಿ ಸುಮಾರು 8 ಕೋಟಿ ಸ್ತ್ರೀ ಮತದಾರರಲ್ಲಿ ಸುಮಾರು 28 ಲಕ್ಷ ಮಂದಿ, ಬಹುಪಾಲು ಉತ್ತರದ ರಾಜ್ಯಗಳವರು, ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿ ಪಟ್ಟಿಯಿಂದ ಹೊರಗುಳಿದರು. ಆದರೆ ಪರರೆದುರು ಹೆಸರು ಹೇಳಬಾರದೆಂದು ಅವರಿಗೆ ಕಲಿಸಿದವರಾರು? ಕಲಿಸಿದವರೇ ಕಲಿತವರನ್ನು ದೂಷಿಸುವುದು ನ್ಯಾಯವೆ?

ವ್ಯಾಕರಣದಲ್ಲಿ ಸಂಬಂಧಷಷ್ಠಿಯು ಕಾರಕವಲ್ಲ. ಕ್ರಿಯೆಗೆ ಕರ್ತೃ ಬೇಕು. ‘ಇಂಥವರ’ ಎಂಬ ಷಷ್ಠಿಯಲ್ಲಿ 1935ರ ಶಾಸನವೂ ನಮ್ಮ ಮನೆಗಳೂ ಸ್ತ್ರೀಯನ್ನು ನಿಲ್ಲಿಸಿದ್ದವು. ಹೋರಾಟವು ಅವಳಿಗೆ ಕರ್ತೃಪದವನ್ನು ದೊರಕಿಸಿತು.

ಈಗ ಪಟ್ಟಿಯಲ್ಲಿ ಅವಳ ಸ್ವಂತ ಹೆಸರಿದೆ. ಆದರೂ ಮತದಾನದ ಹಿಂದಿನ ರಾತ್ರಿ ಯಜಮಾನನು ಗುರುತನ್ನು ಹೇಳಿಕೊಟ್ಟು ಕಳುಹಿಸುವ ಮನೆಗಳು ಇನ್ನೂ ಇವೆ. ಅಲ್ಲಿ ಮತಗಳು ನಾಲ್ಕು, ಮತಿ ಒಂದೇ. ವಾಚಕ ಮಹಾಶಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಅಭ್ಯರ್ಥಿಗಳ ಗುಣದೋಷಗಳನ್ನು ಮನೆಯವರೊಡನೆ ಧಾರಾಳವಾಗಿ ಚರ್ಚಿಸಿರಿ, ಅವರ ಮಾತನ್ನೂ ಕೇಳಿರಿ. ಯಾರಿಗೆ ಮತವಿತ್ತಿರೆಂದು ಮಾತ್ರ ಕೇಳಬೇಡಿರಿ. ಗೋಪ್ಯಮತವೆಂಬುದು ಮನೆಯವರಿಗೂ ಗೋಪ್ಯವೇ.