ಗುಡವಿಯ ಹಕ್ಕಿ, ಕ್ಯಾಸನೂರಿನ ಮಂಗ

ಆಫ್ರಿಕನ್ ಪೆಂಗ್ವಿನ್‌ಗೆ ಅಪಾಯ ಹೆಚ್ಚೋ, ಪಶ್ಚಿಮ ಗೊರಿಲ್ಲಾಕ್ಕೋ? ತಲೆ ಎಣಿಸಿದರೆ ಉತ್ತರ ಸುಲಭ. ಪೆಂಗ್ವಿನ್ ಜೋಡಿಗಳು ಹತ್ತು ಸಾವಿರಕ್ಕೂ ಕಡಿಮೆ. ಗೊರಿಲ್ಲಾಗಳು 2013ರ ಅಂದಾಜಿನಂತೆ ಮೂರೂವರೆ ಲಕ್ಷದಷ್ಟು. ಆದರೂ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಎರಡೂ ಅಳಿವಿನ ಅಂಚಿನ ಒಂದೇ ವರ್ಗದಲ್ಲಿವೆ. ಗೊರಿಲ್ಲಾ 2007ರಲ್ಲಿ ಅಲ್ಲಿಗೆ ಬಂತು, ಪೆಂಗ್ವಿನ್ 2024ರಲ್ಲಿ.

ತಲೆಯೆಣಿಕೆಯಷ್ಟೇ ಮುಖ್ಯ ಚೇತರಿಕೆಯ ವೇಗ. ಪೆಂಗ್ವಿನ್ ಒಂದು ಸಲಕ್ಕೆ ಎರಡು ಮೊಟ್ಟೆ ಇಡುತ್ತದೆ. ಗೂಡಿನ ಸುತ್ತಿನ ಕಡಲಲ್ಲಿ ಬೂತಾಯಿಯಂಥ ಮೀನು ಉಳಿದರೆ ಚೇತರಿಸಿಕೊಳ್ಳಬಲ್ಲದು. ಗೊರಿಲ್ಲಾಕ್ಕೆ ನಾಲ್ಕೈದು ವರ್ಷಕ್ಕೊಂದು ಮರಿ. 2002-03ರಲ್ಲಿ ಕಾಂಗೊದ ಲೊಸ್ಸಿ ಪ್ರದೇಶಕ್ಕೆ ಎಬೋಲಾ ನುಗ್ಗಿದಾಗ ಸುಮಾರು ಐದು ಸಾವಿರ ಗೊರಿಲ್ಲಾಗಳು ಸತ್ತವೆಂದು ಸಂಶೋಧಕರು ಅಂದಾಜಿಸಿದರು. ಆ ನಷ್ಟ ತುಂಬಲು ದಶಕಗಳೇ ಬೇಕು.

ಹಕ್ಕಿಯನ್ನೂ ಕಪಿಯನ್ನೂ ಹೀಗೆ ಒಟ್ಟಿಗೆ ನೋಡುವುದು ಶಿವಮೊಗ್ಗ ಜಿಲ್ಲೆಯ ಸೊರಬಕ್ಕೆ ಹೊಸತಲ್ಲ. 1957ರಲ್ಲಿ ಈ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವ, ಮಂಗಗಳು ಸಾಯತೊಡಗಿ, ಜನರೂ ಜ್ವರದಿಂದ ಮಲಗಿದರು. ಪತ್ತೆಯಾದ ವೈರಸ್ ರಷ್ಯಾದ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ್ದು. ಹಾಗಾದರೆ ವಲಸೆ ಹಕ್ಕಿಗಳು ತಂದವೇ? ಪಕ್ಷಿತಜ್ಞ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯ ಜಾಡು ಹಿಡಿಯಲು ಹೊರಟದ್ದರ ಹಿಂದೆ ಈ ಅನುಮಾನವೂ ಇತ್ತು. ವೈರಸ್ ಹೇಗೇ ಬಂದಿರಲಿ, ರೋಗ ಹರಡುವುದು ಉಣುಗು. ಮಂಗ ಅದಕ್ಕೆ ಬಲಿ; ಕಾಯಿಲೆಗೆ ಅಂಟಿದ್ದು ಮಾತ್ರ ಮಂಗನ ಹೆಸರು!

ಇಂದಿಗೂ ಕಾಡಿನಲ್ಲಿ ಮಂಗ ಸತ್ತರೆ ಅದು ನಮಗೆ ಆರೋಗ್ಯದ ಸುದ್ದಿ, ವನ್ಯಜೀವಿ ನಷ್ಟವಲ್ಲ. ತೋಟಕ್ಕೆ ನುಗ್ಗಿದರಂತೂ ಪೀಡೆ. ಶಿಕಾರಿಪುರದ ಯಡಿಯೂರಪ್ಪ ಮುಖ್ಯಮಂತ್ರಿಯಾಗಿದ್ದಾಗ ಮಲೆನಾಡಿನಲ್ಲಿ ಮಂಗಗಳನ್ನು ಹಿಡಿದು ಒಂದೆಡೆ ಬಿಡುವ ಮಂಕಿ ಪಾರ್ಕ್‌ನ ಮಾತು ಜೋರಾಗಿತ್ತು. ಬೆಳೆ ಕಳೆದುಕೊಂಡ ರೈತನ ಸಿಟ್ಟು ನ್ಯಾಯವಾದದ್ದೇ. ಆದರೆ ಕಾಡಂಚಿನಲ್ಲಿ ಕಾಣುವ ಹಿಂಡನ್ನು ನೋಡಿ ಮಂಗಗಳು ವಿಪರೀತವಾಗಿವೆ ಎನ್ನುವುದು ಆತುರದ ತೀರ್ಮಾನ. ಹೆರಿಗೆಗೆ ಒಂದೇ ಮರಿ ಹಾಕುವ ಪ್ರಾಣಿಯದು ಗೊರಿಲ್ಲಾದ ಲೆಕ್ಕವೇ, ವೇಗ ಸ್ವಲ್ಪ ಹೆಚ್ಚು ಅಷ್ಟೆ.

ಸೊರಬ ತಾಲ್ಲೂಕಿನದೇ ಆದ ಗುಡವಿಯದು ಪೆಂಗ್ವಿನ್ ಲೆಕ್ಕ. ಮುಕ್ಕಾಲು ಚದರ ಕಿಲೊಮೀಟರೂ ಇಲ್ಲದ ಆ ಪಕ್ಷಿಧಾಮದಲ್ಲಿ, ಕೆರೆ ನೀರಲ್ಲಿ ನಿಂತ ಮರಗಳ ಮೇಲೆ ಮಳೆಗಾಲದಲ್ಲಿ ಬಿಳಿ ಕೆಂಬರಲು, ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಮರಿಗಳ ಹೊಟ್ಟೆ ತುಂಬುವುದು ಬೇಲಿಯಾಚೆಯ ಕೆರೆ, ಗದ್ದೆಗಳಲ್ಲಿ. ಅಲ್ಲಿ ಭತ್ತದ ಗದ್ದೆ ಅಡಿಕೆ ತೋಟವಾಗುತ್ತಿದೆ, ಮೆಕ್ಕೆಜೋಳ ಹಬ್ಬುತ್ತಿದೆ. ಗುಡವಿಗೆ ಎಷ್ಟು ವೀಕ್ಷಣಾ ಗೋಪುರ ಕಟ್ಟಿದರೂ ಈ ಕೊರತೆ ತುಂಬದು. ಸೊರಬ, ಶಿಕಾರಿಪುರಗಳ ಕೆರೆ-ಗದ್ದೆಗಳ ನಕ್ಷೆ ಪಕ್ಷಿಧಾಮದ ಯೋಜನೆಯೊಳಗೆ ಬರಬೇಕು. ಮಂಗಗಳ ವಿಷಯದಲ್ಲಿ, ಆರೋಗ್ಯ ಇಲಾಖೆಯಲ್ಲಿನ ಸಾವಿನ ಲೆಕ್ಕದ ಪಕ್ಕದಲ್ಲಿ ಅರಣ್ಯ ಇಲಾಖೆ ಪ್ರತಿ ಹಿಂಡಿನ ಮರಿಗಳ ಲೆಕ್ಕವನ್ನೂ ವರ್ಷವರ್ಷ ಬರೆದಿಡಬೇಕು; ಮಂಕಿ ಪಾರ್ಕ್ ಬೇಕೋ ಬೇಡವೋ ಎಂಬ ಚರ್ಚೆ ಆಮೇಲೆ.