ಕಚ್ಚಿದ ನಾಯಿಗೂ ಲೆಕ್ಕ ಇಲ್ಲ, ಕಚ್ಚಿಸಿಕೊಂಡವರಿಗೂ ಇಲ್ಲ!

ಅಲ್ಲಾ ಸ್ವಾಮಿ, 2025ರ ಆಗಸ್ಟಿನಿಂದ ಬೀದಿನಾಯಿ ವಿಷಯದಲ್ಲಿ ದೇಶದಲ್ಲಿ ಎರಡೇ ಪಕ್ಷ ಆಗಿಬಿಟ್ಟಿವೆ. ಸುಪ್ರೀಂ ಕೋರ್ಟು 11ನೇ ತಾರೀಕು ದೆಹಲಿ ಸುತ್ತಮುತ್ತಲ ನಾಯಿಗಳನ್ನೆಲ್ಲ ಹಿಡಿದು ಆಶ್ರಯ ಕೇಂದ್ರಕ್ಕೆ ಹಾಕಿ ಅಂದಿತು. 22ಕ್ಕೆ ಅದನ್ನೇ ತಿದ್ದಿತು. ಆಪರೇಷನ್ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಿ; ರೇಬೀಸ್ ಇರೋದನ್ನೂ ಮೈಮೇಲೆ ಬೀಳೋದನ್ನೂ ಮಾತ್ರ ಬಿಡಬೇಡಿ ಅಂತ. ಅವತ್ತಿಂದ ನಾಯಿಪ್ರಿಯರು ಒಂದು ಕಡೆ, ನಾಯಿ ಕಂಡರಾಗದವರು ಇನ್ನೊಂದು ಕಡೆ. ಟೀವಿಯಲ್ಲಿ ಬೊಗಳಿದ್ದೇ ಬೊಗಳಿದ್ದು...

ಸರಿ, ಮೈಮೇಲೆ ಬೀಳೋ ನಾಯಿ ಯಾವುದು ಅಂತ ಆಫೀಸಿನವರಿಗೆ ಗೊತ್ತಾಗೋದು ಹೇಗೆ? ಯಾರಾದರೂ ಹೇಳಬೇಕು, ಹೇಳಿದ್ದನ್ನು ಅವರು ಬರೆದುಕೊಳ್ಳಬೇಕು. ನಮ್ಮಲ್ಲಿ ಈ ಎರಡೂ ನಡೆಯೋದಿಲ್ಲ. ನನ್ನ ತಕರಾರು ಇಷ್ಟೇ.

ಇದೇನು ನಾನು ಹೊಸದಾಗಿ ಹುಟ್ಟಿಸಿದ ಮಾತಲ್ಲ. 2001ರ ನಾಯಿ ಸಂತಾನ ನಿಯಂತ್ರಣ ನಿಯಮದಲ್ಲೇ ಇತ್ತು. ದೂರು ತೆಗೆದುಕೊಳ್ಳೋಕೆ ಪ್ರತ್ಯೇಕ ಘಟಕ ಇರಬೇಕು, ನಾಯಿ ಕಚ್ಚಿದ ದೂರನ್ನು ಮೊದಲು ನೋಡಬೇಕು, ದೂರು ಕೊಟ್ಟವರ ಹೆಸರು, ವಿಳಾಸ, ತಾರೀಕು, ಸಮಯ ಎಲ್ಲ ಒಂದು ರಿಜಿಸ್ಟರಿನಲ್ಲಿ ಶಾಶ್ವತವಾಗಿ ಇಡಬೇಕು ಅಂತ. 2023ರಲ್ಲಿ ಆ ನಿಯಮ ಹೋಗಿ ಹೊಸದು ಬಂತು. ನಡುವಿನ ಇಪ್ಪತ್ತೆರಡು ವರ್ಷದಲ್ಲಿ ಆ ರಿಜಿಸ್ಟರಿನ ಮುಖ ನೋಡಿದವರು ಯಾರಾದರೂ ಇದ್ದರೆ ಕೈ ಎತ್ತಿ!

ಮೊನ್ನೆ ನಮ್ಮ ಬೀದಿಗೆ ಹಾಲು ಹಾಕೋ ಹುಡುಗನ ಮೀನಖಂಡಕ್ಕೆ ನಾಯಿ ಬಾಯಿ ಹಾಕಿತು. ಸರ್ಕಾರಿ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಶುರುವಾಗಿದೆ. ದೂರು ಕೊಡಪ್ಪ ಅಂದರೆ, "ಅರ್ಧ ದಿನದ ಕೆಲಸ ಹೋಗುತ್ತೆ ಸಾರ್" ಅಂದ. ಅವನು ಹೇಳಿದ್ದೂ ಸರಿಯೇ. ಅವನ ಬದಲು ನಾನೇ ಹೋದೆ. "ಕಚ್ಚಿದ್ದು ನಿಮಗಾ? ಅಲ್ವಾ? ಹಾಗಾದ್ರೆ ಅವರೇ ಬರಬೇಕು" ಅಂದರು ಒಬ್ಬರು. "ರಸ್ತೆಯ ಆ ಬದಿ ನಮಗೆ ಬರಲ್ಲ" ಅಂದರು ಇನ್ನೊಬ್ಬರು. ನಾಯಿಗೆ ವಾರ್ಡಿನ ನಕ್ಷೆ ಯಾರು ತೋರಿಸಿದ್ದಾರೋ! ಸ್ವೀಕೃತಿ ಕೊಡಿ ಅಂದರೆ, "ಬಾಯಲ್ಲಿ ಹೇಳಿದ್ರಲ್ಲ, ಸಾಕು ಬಿಡಿ." ನಾನು ಬಿಡಲಿಲ್ಲ. ಸೀಲು ಹಾಕಿಸಿಕೊಂಡೇ ಬಂದೆ. ಮೂರು ವಾರ ಆಯಿತು, ವ್ಯಾನು ಇನ್ನೂ ಬಂದಿಲ್ಲ. ಆದರೆ ಆ ಹುಡುಗನ ಗಾಯಕ್ಕೆ ಈಗ ಒಂದು ನಂಬರ್ ಇದೆ. ಮುಂದೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಮೂವತ್ತು ದಿನದಲ್ಲಿ ಉತ್ತರ ಕೊಡಲೇಬೇಕು.

"ದೂರು ಕೊಟ್ಟರೆ ಪಾಪ, ನಾಯೀನ ಕೊಂದುಬಿಡ್ತಾರೆ" ಅನ್ನೋರಿದ್ದಾರೆ. ಇಲ್ಲ ಕಣ್ರೀ, ಉಲ್ಟಾ. ಆರೋಗ್ಯವಾಗಿರೋ ಬೀದಿನಾಯಿಯನ್ನು ಕೊಲ್ಲೋಕೆ ನಿಯಮ ಬಿಡೋದಿಲ್ಲ. ದೂರು ಕೇಳೋರಿಲ್ಲದ ಬೀದಿಯಲ್ಲೇ ರಾತ್ರೋರಾತ್ರಿ ವಿಷದ ಉಂಡೆ ಬೀಳೋದು. 2007ರಲ್ಲಿ ಬೆಂಗಳೂರಿನಲ್ಲಿ ಇಬ್ಬರು ಮಕ್ಕಳು ನಾಯಿಗಳ ಬಾಯಿಗೆ ಸಿಕ್ಕಿ ಸತ್ತ ಮೇಲೆ ಸಿಕ್ಕಸಿಕ್ಕ ನಾಯಿಗಳನ್ನೆಲ್ಲ ಹಿಡಿಯೋ ಭರಾಟೆ ನಡೆಯಿತು. ಲೆಕ್ಕ ಇಡದಿದ್ದರೆ ಮೊದಲು ಮಕ್ಕಳು ಸಾಯ್ತಾರೆ, ಆಮೇಲೆ ಕಚ್ಚದ ನಾಯಿಗಳೂ ಸಾಯ್ತವೆ.

"ಏನು ಪ್ರಯೋಜನ?" ಅನ್ನೋರಿಗೆ ಒಂದು ಮಾತು. 2023ರ ನವೆಂಬರಿನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಒಂದೊಂದು ಹಲ್ಲಿನ ಗುರುತಿಗೆ ಕನಿಷ್ಠ 10,000 ರೂಪಾಯಿ ಪರಿಹಾರ ಅಂತ ಹೇಳಿತು. ಅಂಥದ್ದು ನಮ್ಮಲ್ಲಿ ನಾಳೆ ಬಂದರೂ ಕಾಗದ ಇಲ್ಲದವನಿಗೆ ಯಾರು ಕೊಡ್ತಾರೆ?

ಕಚ್ಚಿದ ತಕ್ಷಣ ದೂರಿಗೆ ಓಡಬೇಡಿ. ಮೊದಲು ಹರಿಯೋ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ, ಆಮೇಲೆ ಆಸ್ಪತ್ರೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸೋ ಔಷಧಿ ಇಲ್ಲ. ಆಸ್ಪತ್ರೆಯ ಚೀಟಿ ಜೋಪಾನವಾಗಿಟ್ಟುಕೊಳ್ಳಿ. ಆಮೇಲೆ ದೂರು ಬರೆಯಿರಿ. ಎಲ್ಲಿ, ಎಷ್ಟು ಹೊತ್ತಿಗೆ, ನಾಯಿಯ ಬಣ್ಣ ಏನು, ಕಿವಿ ಕತ್ತರಿಸಿದೆಯಾ (ಇದ್ದರೆ ಆಪರೇಷನ್ ಆಗಿದೆ ಅಂತ), ಕೊರಳಲ್ಲಿ ಪಟ್ಟಿ ಇದೆಯಾ. ಸಾಕಿದ ನಾಯಿಯಾದರೆ ಪೊಲೀಸ್ ಠಾಣೆಗೂ ಹೋಗಿ. ಸಾಕಿದವರ ನಿರ್ಲಕ್ಷ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಇದೆ.

ಬೆಳಗಿನ ಜಾವ ಬೀದಿಗೆ ಇಳಿಯೋರು ನಾವಲ್ಲ. ಹಾಲಿನ ಹುಡುಗರು, ಪೇಪರ್ ಹಾಕೋರು, ಪೌರಕಾರ್ಮಿಕರು. ಕಚ್ಚೋದು ಅವರಿಗೆ, ಬರೆಯೋಕೆ ಪುರುಸೊತ್ತಿರೋದು ನಮಗೆ. ಬ್ಲಾಗು ಬರೆಯೋ ಕೈಗೆ ಒಂದು ದೂರು ಬರೆಯೋದು ಭಾರವೇನ್ರೀ?

ನಿಮ್ಮೂರಲ್ಲಿ ದೂರು ಕೊಟ್ಟರೆ ನಂಬರ್ ಕೊಡ್ತಾರಾ, ಅಥವಾ ಬಾಯಿಮಾತಲ್ಲೇ ಸಾಗಹಾಕ್ತಾರಾ? ಬರೆದು ತಿಳಿಸಿ.